ನಾಳೆಪ್ಪನ ಪಟ್ಟಿಯಲ್ಲಿ ಇಲ್ಲದ್ದು

ನನ್ನನ್ನು ಕುರ್ಚಿಯಿಂದ ಇಳಿಸಿದ್ದಕ್ಕೆ ಕಾರಣ ಕೇಳಿದರೆ ನೀವು ನಗುತ್ತೀರಿ. ನನಗೆ ಮಾತ್ರ ಈಗಲೂ ಪಿತ್ತ ನೆತ್ತಿಗೇರುತ್ತದೆ. ನನ್ನ ಕಂಪನಿಯಲ್ಲಿ ಅವಘಡ ಆಯಿತೆಂದು ಇಳಿಸಲಿಲ್ಲ, ಆಗದ ಹಾಗೆ ಮಾಡಿದೆನೆಂದು ಇಳಿಸಿದರು. ಆಗಿದ್ದರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಫೋಟೋ ಹೊಡೆಸುತ್ತಿದ್ದರು.

ನಾನು ನೀಲಮ್ಮ ಕೋರಿಶೆಟ್ಟರ. ಬ್ಯಾಡಗಿ ಊರಿನ ಅಂಚಿನಲ್ಲಿ ಮೆಣಸಿನಕಾಯಿ ಇಡುವ ಶೀತಲಗೃಹ ಒಂದನ್ನು ಇಪ್ಪತ್ತೆರಡು ವರ್ಷ ನಡೆಸಿದವಳು. ನಾಲ್ಕು ದೊಡ್ಡ ಕೋಣೆಗಳು. ಛಾವಣಿಯುದ್ದಕ್ಕೂ ಹಾದ ಪೈಪುಗಳಲ್ಲಿ ಅಮೋನಿಯಾ ಹರಿದು ಕೋಣೆಗಳನ್ನು ತಣ್ಣಗಿಡುತ್ತದೆ. ಕೋಣೆಗಳಿಗೆ ಗೋಡೆಯಂಟಿ ಉದ್ದನೆಯ ಹಾಲ್. ಅಲ್ಲಿ ನೂರ ನಲವತ್ತು ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಹಾಲ್‌ಗೆ ಇರುವುದು ಎರಡೇ ಬಾಗಿಲು. ಪೈಪು ಒಡೆದರೆ ಆ ಗ್ಯಾಸ್ ಮೊದಲು ಕಣ್ಣು ಸುಡುತ್ತದೆ, ಆಮೇಲೆ ಪುಪ್ಪುಸ. ಬಾಗಿಲು ಹುಡುಕುವಷ್ಟರಲ್ಲಿ ಮುಗಿದುಹೋಗುತ್ತದೆ. ಈ ಒಂದು ವಿಷಯ ನಾನು ಒಂದು ದಿನವೂ ಮರೆತು ಆಫೀಸಿಗೆ ಹೋದವಳಲ್ಲ.

ನಾಲ್ಕು ವರ್ಷದ ಹಿಂದೆ ನಮಗೂ ಸುತ್ತಲಿನ ಕಾರ್ಖಾನೆಗಳಿಗೂ ಒಂದು ಯಂತ್ರ ಬಂತು. ಕಾಗದದ ಮೇಲೆ ಅದರ ಹೆಸರು 'ಪೂರ್ವದೃಷ್ಟಿ'. ಹಾಲ್‌ನ ಹೆಂಗಸರು ಮೊದಲ ದಿನವೇ 'ನಾಳೆಪ್ಪ' ಎಂದು ಹೆಸರಿಟ್ಟರು. ಕಂಪ್ರೆಸರ್ ನಡುಗುವುದು, ಕರೆಂಟು ಏರುವುದು ಇಳಿಯುವುದು, ಗಾಳಿಯ ವಾಸನೆ, ಹಾಲ್‌ನಲ್ಲಿ ಎಷ್ಟು ಜನ ಕೆಮ್ಮಿದರು ಎಂಬುದು, ಎಲ್ಲವನ್ನೂ ಅದು ಕೇಳಿಸಿಕೊಳ್ಳುತ್ತದೆ. ಸಾವಿರಾರು ಕಾರ್ಖಾನೆಗಳಲ್ಲಿ ಹಿಂದೆ ಏನೇನು ಕೆಟ್ಟಿತ್ತೋ ಅದಕ್ಕೆಲ್ಲ ಹೋಲಿಸಿ ನೋಡುತ್ತದೆ. ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಪಟ್ಟಿ ಕೊಡುತ್ತದೆ: ಮುಂದಿನ ಒಂಬತ್ತು ದಿನದಲ್ಲಿ ಏನು ಕೆಡುತ್ತದೆ, ಯಾವಾಗ ಕೆಡುತ್ತದೆ. ಮೂರು ವರ್ಷ ಅದರ ಒಂದು ಮಾತೂ ಸುಳ್ಳಾಗಲಿಲ್ಲ. ಸುಮ್ಮನೆ ಹಳಿಯಬಾರದು, ನಾನೂ ಅದನ್ನು ಮೆಚ್ಚಿದ್ದೆ.

ಹಾಳಾದದ್ದು ನಾವು, ಮುಖ್ಯಸ್ಥರು ಅನಿಸಿಕೊಂಡವರು. ಪಟ್ಟಿಯಲ್ಲಿದ್ದರೆ ಮಾಡು, ಇಲ್ಲದಿದ್ದರೆ ಕೈ ಕಟ್ಟಿ ಕೂತಿರು. ಅದಕ್ಕೇ 'ಮುಂದಾಲೋಚನೆಯ ನಾಯಕತ್ವ' ಎಂದು ಹೆಸರು ಕೊಟ್ಟು ಹೋಟೆಲಿನಲ್ಲಿ ಭಾಷಣ ಬಿಗಿದರು. ಆಮೇಲೆ ಕಂಪನಿಗಳ ಆಡಳಿತ ಮಂಡಳಿಗಳೆಲ್ಲ ಸೇರಿ ಒಂದು ನಿಯಮ ತಂದವು. ಪಟ್ಟಿ ಹೇಳದೆ ಯಾವ ಮುಖ್ಯಸ್ಥ ಕೆಲಸ ನಿಲ್ಲಿಸಿದರೂ ಅವನ ಹೆಸರಿನ ಮುಂದೆ ಒಂದು ಕಪ್ಪು ಚುಕ್ಕೆ. ಅದರ ಹೆಸರು 'ಅನಗತ್ಯ ಭಯ'. ಮೂರು ಚುಕ್ಕೆಯಾದರೆ ಕುರ್ಚಿ ಖಾಲಿ ಮಾಡಬೇಕು.

ನನಗೆ ಎರಡು ಚುಕ್ಕೆ ಬಿದ್ದಿದ್ದವು. ಹಾಲ್‌ನ ಹಿಂಬಾಗಿಲಿಗೆ ಅಡ್ಡ ಒಟ್ಟಿದ್ದ ಚೀಲಗಳನ್ನು ಎತ್ತಿಸಲು ಅರ್ಧ ದಿನ ಲೋಡಿಂಗ್ ನಿಲ್ಲಿಸಿದ್ದಕ್ಕೆ ಒಂದು. ಹಳೆಯ ವಾಲ್ವ್ ಒಂದನ್ನು, ಅದಿನ್ನೂ ಚೆನ್ನಾಗಿರುವಾಗಲೇ, ಬದಲಾಯಿಸಿದ್ದಕ್ಕೆ ಇನ್ನೊಂದು. ಪಕ್ಕದ ಎಣ್ಣೆ ಮಿಲ್ಲಿನ ಗದಿಗೆಪ್ಪನಿಗೆ ಒಂದೂ ಚುಕ್ಕೆ ಇಲ್ಲ. ಅವನ ಮಿಲ್ಲಿಗೆ ಬೆಂಕಿ ಬಿತ್ತು. ಅವನ ಪಟ್ಟಿಯಲ್ಲಿ 'ನಾಳೆ ಸಂಜೆ' ಎಂದಿತ್ತು, ಮರುದಿನ ಸಂಜೆಯವರೆಗೂ ಮಿಲ್ಲು ಓಡಿಸಿದ. ಬೆಂಕಿ ಹತ್ತಿದ ಮೇಲೆ ಒಳಗೆ ನುಗ್ಗಿ ಇಬ್ಬರನ್ನು ಎಳೆದು ತಂದ. ಜಿಲ್ಲೆಗೆಲ್ಲ ವರ್ಷದ ನಾಯಕ ಅವನೇ!

ಅಂದು ಶುಕ್ರವಾರ. ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ಗೇಟಿನ ಬಲ್ಬ್, ಭಾನುವಾರ. ನಾನು ಹತ್ತು ಗಂಟೆಗೆ ಎಂದಿನಂತೆ ಹಾಲ್‌ಗೆ ಹೋದೆ. ಗೋಡೆಯ ಕಡೆಯ ಸಾಲಿನಲ್ಲಿ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ಮೆಣಸಿನಕಾಯಿಯ ಹಾಲ್‌ನಲ್ಲಿ ಕೆಮ್ಮು ಅಂದರೆ ಯಾರು ತಲೆ ಎತ್ತಿ ನೋಡುತ್ತಾರೆ? ನಾನೂ ದಾಟಿ ಹೋಗುತ್ತಿದ್ದೆ. ಅಷ್ಟರಲ್ಲಿ ಅವರ ಮುಂದಿನ ರಾಶಿ ಕಣ್ಣಿಗೆ ಬಿತ್ತು. ಡಬ್ಬಿ ಕಾಯಿ!

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಡಬ್ಬಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಕೆಂಪು ಕೆಂಪಾಗಿ ಮೈಯೆಲ್ಲ ಸುಕ್ಕು. ಅದರ ರಾಶಿಯ ಪಕ್ಕದಲ್ಲಿ ಬಾಣಂತಿ ಮಗುವನ್ನು ಮಲಗಿಸಿಯಾಳು. ಹಿಂದಿನ ವಾರ ಹೊರಗಿನ ಖಾರದ ಕಾಯಿ ಬಂದಿತ್ತು, ಆಗ ಎಲ್ಲರೂ ಕೆಮ್ಮಿದ್ದರು. ಈ ವಾರ ಕೆಮ್ಮಲು ಕಾರಣವೇ ಇಲ್ಲ.

ಹಾಲ್‌ನ ಮೇಸ್ತ್ರಿ ದ್ಯಾಮವ್ವನನ್ನು ಕರೆದೆ. ಐವತ್ತು ದಾಟಿದ ಗಟ್ಟಿ ಹೆಂಗಸು.

"ಏನ ದ್ಯಾಮವ್ವ, ಡಬ್ಬಿ ಕಾಯಿಗೆ ಯಾಕ ಕೆಮ್ಮಾಕತ್ತೀರಿ?"

"ಘಾಟು ಬಂದೈತ್ರಿ ಅಕ್ಕಾರ. ಕಾಯಿ ಅಂದ ಮ್ಯಾಲ ಘಾಟು ಇರೂದ."

"ಡಬ್ಬಿಗೆ ಎಲ್ಲಿ ಘಾಟು? ಇಷ್ಟು ವರ್ಷ ಬಿಡಿಸೀದಿ, ಒಂದ ದಿನಾ ಕೆಮ್ಮೀದೇನು?"

ಅವಳು ಕೈಯಲ್ಲಿದ್ದ ಕಾಯಿ ನೋಡಿದಳು, ನನ್ನನ್ನು ನೋಡಿದಳು. "ಅಯ್ಯ ಶಿವನ, ಹೌದಲ್ರಿ!" ಎಂದಳು. ಇಲ್ಲಿ ಹುಟ್ಟಿ ಬೆಳೆದವರ ತಪ್ಪೇ ಇದು. ಕಣ್ಣು ಉರಿದರೆ ಮೆಣಸಿನಕಾಯಿ, ಮೂಗು ಸೋರಿದರೆ ಮೆಣಸಿನಕಾಯಿ, ಎದೆ ಉರಿದರೂ ಮೆಣಸಿನಕಾಯಿಯದೇ ಹೆಸರು.

ಆಗಲೇ ಅವಳ ಮುಖ ಸರಿಯಾಗಿ ನೋಡಿದೆ. ಶುಕ್ರವಾರವೆಂದು ಅರಿಶಿನ ಹಚ್ಚಿಕೊಂಡು ಬಂದಿದ್ದಳು. ಬೆವರು ಹರಿದ ಕಡೆಯಲ್ಲಿ ಕೆನ್ನೆಯ ಅರಿಶಿನ ಹಳದಿಯಾಗಿರಲಿಲ್ಲ, ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಾನು ಅವಳನ್ನು ಬಾಗಿಲ ಹತ್ತಿರದ ಸಾಲಿಗೆ ಕಳಿಸಿ, ಗೋಡೆಯ ಸಾಲಿನವರನ್ನೆಲ್ಲ ಅಲ್ಲಿಂದ ಎಬ್ಬಿಸಿ, ನೇರ ಕಂಟ್ರೋಲ್ ರೂಮಿಗೆ ಹೋದೆ.

ಅಲ್ಲಿ ನಾಳೆಪ್ಪನನ್ನು ನೋಡಿಕೊಳ್ಳುವವನು ಶ್ರೀಶೈಲ ಬಣಕಾರ ಎಂಬ ಎಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ನೆರಳಿಗೂ ಹೆದರುವವನು. ಪರದೆಯ ತುಂಬ ಹಸಿರು ದೀಪಗಳು.

"ಹಾಲ್‌ನ ಗಾಳಿಯೊಳಗ ಅಮೋನಿಯಾ ಎಷ್ಟೈತಿ?"

"ಸೊನ್ನೆ ತೋರಸಾಕತ್ತೈತ್ರಿ ಮೇಡಮ್."

"ಸೊನ್ನೆ ಹೆಂಗ ಇದ್ದೀತು? ಅಲ್ಲಿ ಮಂದಿ ಕೆಮ್ಮಾಕತ್ತಾರ."

ಅವನು ಕುರ್ಚಿಯಲ್ಲೇ ಮುದುಡಿದ. ಆಮೇಲೆ ಹೇಳಿದ. ಹೋದ ವರ್ಷ ಮೆಣಸಿನಕಾಯಿ ಧೂಳಿಗೆ ಗಾಳಿಯ ಸೆನ್ಸರ್ ಪದೇ ಪದೇ ಅಲಾರಂ ಹೊಡೆಯುತ್ತಿತ್ತಂತೆ. ಮಂಡಳಿಯವರು ಬೈದರಂತೆ. ಅದಕ್ಕೆ ಅವನು ಯಂತ್ರಕ್ಕೆ ಒಂದು ಪಾಠ ಕಲಿಸಿದ್ದ: ಕೆಮ್ಮೂ ಗಾಳಿಯ ಕೆಡುಕೂ ಒಟ್ಟಿಗೆ ಬಂದರೆ ಅದು ಮೆಣಸಿನಕಾಯಿ, ಎಣಿಸಬೇಡ. ಯಾವ ಕಾಯಿ ಎಂದು ಯಂತ್ರ ಕೇಳಲಿಲ್ಲ, ಇವನೂ ಹೇಳಲಿಲ್ಲ.

"ಆ ಪಾಠ ಅಳಿಸಿ ನೋಡು."

"ಅದಕ್ಕ ಮಂಡಳಿ ಒಪ್ಪಿಗಿ ಬೇಕ್ರಿ. ಹದಿನೈದು ದಿವಸ ಆಗತೈತಿ."

ಹದಿನೈದು ದಿನ! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಊಟದ ಹೊತ್ತಿಗೆ ಮನೆಗೆ ಹೋದೆ. ಹೊಟ್ಟೆ ಹಸಿದಿತ್ತೆಂದಲ್ಲ. ನನ್ನ ಗಂಡ ವೀರಭದ್ರಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಬಾಯಿಂದ ಒಂದು ಮಾತು ಕೇಳಬೇಕಿತ್ತು.

ರೊಟ್ಟಿ ಮುರಿಯುತ್ತಿದ್ದವರು ದ್ಯಾಮವ್ವನ ಕೆನ್ನೆಯ ಅರಿಶಿನದ ಮಾತು ಕೇಳಿ ತಟ್ಟೆ ಸರಿಸಿ ಎದ್ದರು. ಒಂದು ಬಿಳಿ ಬಟ್ಟೆ ಹರಿದು ಅರಿಶಿನದ ನೀರಿನಲ್ಲಿ ಅದ್ದಿ, ಅದರ ಮೂಲೆಗೆ ಎಲೆ-ಅಡಿಕೆಯ ಸುಣ್ಣ ತಾಗಿಸಿದರು. ಮೂಲೆ ಕೆಂಪಾಯಿತು.

"ಸುಣ್ಣಕ್ಕ ಆದಂಗ ಅಮೋನಿಯಾಕ್ಕೂ ಆಗತೈತಿ," ಎಂದರು. "ಒಯ್ದು ಹಾಲ್‌ನ್ಯಾಗ ತೂಗು ಹಾಕು. ಹಸಿ ಇರಬೇಕು ಮತ್ತ. ಆದರ ನೀಲಾ, ಇದು ಸೋರಾಕತ್ತೈತೋ ಇಲ್ಲೋ ಅನ್ನೂದಷ್ಟ ಹೇಳತೈತಿ. ಯಾವಾಗ ಒಡೀತೈತಿ ಅಂತ ಹೇಳಂಗಿಲ್ಲ."

"ಒಡಿಯೂ ದಿನಾ ನನಗ್ಯಾಕ ಬೇಕು? ನಾ ಏನ್ ಅದರ ಲಗ್ನಪತ್ರಿಕಾ ಹಂಚಬೇಕಾಗೈತೇನು?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮೂರನೇ ಚುಕ್ಕಿ ಬೀಳತೈತಿ, ಗೊತ್ತೈತಲ್ಲ?" ಎಂದರು. ಗೊತ್ತಿತ್ತು. ಆ ಕುರ್ಚಿ ನನಗೆ ಯಾರೂ ಎತ್ತಿ ಕೊಟ್ಟದ್ದಲ್ಲ. ಕಂಪ್ರೆಸರ್ ಕೋಣೆಯಲ್ಲಿ ಎಣ್ಣೆ ಕೈ ಮಾಡಿಕೊಂಡು ಕಲಿತು ಅಲ್ಲಿಗೆ ಹೋದವಳು ನಾನು. ಅದರ ಮೇಲೆ ನನಗೆ ಆಸೆ ಇತ್ತು.

ಎರಡು ಗಂಟೆಗೆ ನಾಲ್ಕನೆಯ ಕೋಣೆಯ ಗೋಡೆಯ ಬಳಿ ಬಟ್ಟೆ ತೂಗು ಹಾಕಿದೆ. ಹತ್ತು ನಿಮಿಷಕ್ಕೆ ಕೆಂಪು. ಉಳಿದ ಮೂರು ಕೋಣೆಗಳ ಬಳಿ ಹಾಕಿದ ಬಟ್ಟೆಗಳು ಹಳದಿಯಾಗೇ ಉಳಿದವು. ನಾಲ್ಕನೆಯದನ್ನು ನಿಲ್ಲಿಸಬೇಕು ಎಂಬುದು ಎಳೆಯ ಕೂಸಿಗೂ ಗೊತ್ತಾಗುವ ಮಾತು. ಆದರೆ ನಾಲ್ಕೂ ಕೋಣೆಗಳಿಗೆ ಪೈಪು ಹಾಕಿದ್ದು ಒಂದೇ ವರ್ಷ, ಸುತ್ತಿದ ಥರ್ಮೋಕೋಲ್ ಒಂದೇ, ಸುತ್ತಿದ ಕೈಗಳೂ ಅವೇ. ಒಂದರ ಹೊದಿಕೆಯೊಳಗೆ ನೀರು ಹೊಕ್ಕಿದ್ದರೆ ಉಳಿದ ಮೂರರಲ್ಲಿ ಹೊಕ್ಕಿಲ್ಲವೆಂದು ಯಾರು ಹೇಳಬಲ್ಲರು? ಹೊದಿಕೆಯ ಒಳಗೆ ಕಬ್ಬಿಣ ತುಕ್ಕು ತಿನ್ನುವುದು ಹೊರಗಿನವರಿಗೆ ಕಾಣುವುದಿಲ್ಲ, ನಾಳೆಪ್ಪನ ಕಿವಿಗೂ ಕೇಳುವುದಿಲ್ಲ. ಅಂಥದ್ದನ್ನು ಮೊದಲೇ ಬಿಚ್ಚಿ ಸರಿಮಾಡಿದ ಕಾರ್ಖಾನೆಗಳಲ್ಲಿ ಏನೂ ಒಡೆಯುವುದಿಲ್ಲವಲ್ಲ. ಒಡೆಯದೆ ಉಳಿದದ್ದನ್ನು ಯಾರೂ ಬರೆದಿಡುವುದಿಲ್ಲ. ನಾಳೆಪ್ಪ ಕಲಿತದ್ದೆಲ್ಲ ಕೆಟ್ಟ ಮನೆಗಳಿಂದ. ನೆಟ್ಟಗಿರುವ ಮನೆ ಹೇಗೆ ನೆಟ್ಟಗುಳಿಯಿತು ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಚನ್ನವೀರಪ್ಪನಿಗೆ ಫೋನ್ ಮಾಡಿದೆ. ಆತ ನನ್ನ ಮೈದುನ, ಮಂಡಳಿಯ ಅಧ್ಯಕ್ಷ; ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಾನೆ.

"ನಾಲ್ಕೂ ಕೋಣಿ ಬಂದ್ ಮಾಡಾಕತ್ತೀನಿ. ಹಾಲ್ ಖಾಲಿ ಮಾಡಸ್ತೀನಿ. ಒಂಬತ್ತು ದಿವಸ ಬೇಕು."

"ವೈನಿ, ತಲಿ ಕೆಟ್ಟೈತೇನು? ಪಟ್ಟಿಯೊಳಗ ಬಲ್ಬ್ ಬಿಟ್ಟು ಏನೂ ಇಲ್ಲ. ಅರಿಶಿಣದ ಬಟ್ಟಿ ತೂಗಹಾಕೀರಂತ. ನಾಳೆ ಲಿಂಬಿಹಣ್ಣೂ ಕಟ್ಟತೀರೇನು?"

"ಕಟ್ಟಿದ್ರ ಪೈಪ್ ಗಟ್ಟಿ ಆಗತೈತಿ ಅಂದ್ರ ಅದನ್ನೂ ಕಟ್ಟತೀನಿ."

ಅವನ ದನಿ ಮೆತ್ತಗಾಯಿತು. "ಹಿಂಗ ಮಾಡ್ರಿ. ಎರಡು ಮೂರು ವಾರ ತಡೀರಿ. ಪಟ್ಟಿಯೊಳಗ ಬರಲಿ. ಬಂದ ಕೂಡಲೇ ಓಡಿಹೋಗಿ ನಿಲ್ಲಸ್ರಿ. ಚುಕ್ಕಿ ಬೀಳಂಗಿಲ್ಲ, ಮ್ಯಾಲ ಸನ್ಮಾನ. ಗದಿಗೆಪ್ಪಗ ಆಗ್ಲಿಲ್ಲೇನು?"

"ಅಷ್ಟು ದಿವಸ ಆ ಗ್ವಾಡಿ ಬಾಜೂಕ ನೀ ಬಂದು ಕೂಡತೀ?"

ನಾನು ಫೋನ್ ಇಟ್ಟೆ. ಕಂಟ್ರೋಲ್ ರೂಮಿನಲ್ಲಿ ಶ್ರೀಶೈಲ ಕೈ ಹಿಂದಕ್ಕೆ ಎಳೆದುಕೊಂಡ, ಅದಕ್ಕೆ ಯಂತ್ರಗಳನ್ನು ನಿಲ್ಲಿಸುವ ಕೆಂಪು ಗುಂಡಿಯನ್ನು ನಾನೇ ಒತ್ತಿದೆ. ನಾಳೆಪ್ಪ ಹೆಣ್ಣುದನಿಯಲ್ಲಿ, "ಈ ಕ್ರಮ ಅನಗತ್ಯ. ದಯವಿಟ್ಟು ಮರುಪರಿಶೀಲಿಸಿ," ಎಂದಿತು. "ನೀ ಸುಮ್ಮನಿರು," ಎಂದೆ. ಯಂತ್ರಕ್ಕೆ ಬೈದರೆ ಏನು ಬಂತು, ಆದರೂ ಮನಸ್ಸು ಹಗುರಾಯಿತು.

ಹೆಂಗಸರನ್ನು ಹೊರಗೆ ಕಳಿಸಿ, ಪೈಪುಗಳಲ್ಲಿದ್ದ ಅಮೋನಿಯಾವನ್ನೆಲ್ಲ ಎಳೆದು ದೊಡ್ಡ ಟ್ಯಾಂಕಿಗೆ ತುಂಬಿದೆವು. ಶನಿವಾರ ನಾಲ್ಕನೆಯ ಕೋಣೆಯ ಹೊದಿಕೆ ಕೊಯ್ದರು. ಒಳಗಿನ ಪೈಪನ್ನು ಉಗುರಿನಿಂದ ಕೆರೆದೆ, ಹಪ್ಪಳದ ಹಾಗೆ ಕಬ್ಬಿಣ ಎದ್ದು ಕೈಗೆ ಬಂತು. ಸೂಜಿ ಮೊನೆಯಷ್ಟು ತೂತು ಇತ್ತು. ಭಾನುವಾರ ಮೂರನೆಯದನ್ನು ಕೊಯ್ದರು. ತೂತು ಇರಲಿಲ್ಲ, ತುಕ್ಕು ಅಷ್ಟೇ ಇತ್ತು. ಒಂದು ಮತ್ತು ಎರಡನೆಯ ಕೋಣೆ ಬಿಚ್ಚುವ ಮೊದಲೇ ಸೋಮವಾರ ಬಂತು, ಮಂಡಳಿಯ ಸಭೆ ಬಂತು.

ಮೇಜಿನ ಮೇಲೆ ಆ ತುಕ್ಕು ಹಿಡಿದ ಪೈಪಿನ ತುಂಡು ಇಟ್ಟೆ. ಚನ್ನವೀರಪ್ಪ ಅದರ ಪಕ್ಕಕ್ಕೆ ನಾಳೆಪ್ಪನ ವರದಿ ಇಟ್ಟ. ತೂತಿನ ಅಳತೆ ಕೊಟ್ಟು ಯಂತ್ರವನ್ನು ಕೇಳಿದ್ದರಂತೆ. ಪೈಪು ಒಡೆಯಲು ಇನ್ನೂ ನಲವತ್ತೊಂದು ದಿನ ಇತ್ತಂತೆ. ಮೂವತ್ತೆರಡನೆಯ ದಿನ ಪಟ್ಟಿಯಲ್ಲಿ ತಾನೇ ಬರುತ್ತಿತ್ತಂತೆ. ಆದ್ದರಿಂದ ನಾನು ಮಾಡಿದ್ದು ಮೂವತ್ತೆರಡು ದಿನ ಮುಂಚಿತವಾದ ಅನಗತ್ಯ ಭಯ.

"ಅಂದ್ರ ಮೂವತ್ತೆರಡು ದಿವಸ ಆ ಹೆಣ್ಣಮಕ್ಕಳು ಅದನ್ನ ಕುಡೀಬೇಕಾಗಿತ್ತೇನು?"

"ಕೆಮ್ಮು ಅವಘಡದ ವ್ಯಾಖ್ಯೆಯೊಳಗ ಬರಂಗಿಲ್ಲ ವೈನಿ."

ಆಗ ಮೂಲೆಯಲ್ಲಿ ನಿಂತಿದ್ದ ಶ್ರೀಶೈಲ ಬಾಯಿ ಬಿಟ್ಟ. "ಸರ್, ಹಾಲ್‌ನ ಗಾಳಿ ಎಣಿಸಬ್ಯಾಡ ಅಂತ ಯಂತ್ರಕ್ಕ ನಾನ ಹೇಳಿಕೊಟ್ಟೀನ್ರಿ. ಮೂವತ್ತೆರಡನೇ ದಿವಸಕ್ಕೂ ಅದು ಪಟ್ಟಿಯೊಳಗ ಬರತಿದ್ದಿಲ್ಲ." ಮಂಡಳಿಯವರು, "ಅದು ತಾಂತ್ರಿಕ ವಿಷಯ, ಆಮೇಲೆ ನೋಡೋಣ," ಎಂದರು. ನನ್ನ ಮುಂದೆ ಒಂದು ಕಾಗದ ತಳ್ಳಿದರು. 'ಭಯದಿಂದ ಹೀಗೆ ಮಾಡಿದೆ, ಇನ್ನು ಪಟ್ಟಿಯನ್ನು ಮೀರುವುದಿಲ್ಲ' ಎಂದು ಸಹಿ ಮಾಡಿದರೆ ಮೂರನೆಯ ಚುಕ್ಕೆ ಮನ್ನಾ, ಕುರ್ಚಿ ನನ್ನದೇ. ಒಂದು ಮತ್ತು ಎರಡನೆಯ ಕೋಣೆ ಮಂಗಳವಾರದಿಂದಲೇ ಶುರು ಆಗಬೇಕು, ಹೆಂಗಸರು ಹಾಲ್‌ನಲ್ಲಿ ಕೂರಬೇಕು.

ಒಂದು ಗಳಿಗೆ ಪೆನ್ನು ಕೈಯಲ್ಲಿ ಹಿಡಿದು ಕೂತೆ. ಆಸೆ ಸಣ್ಣದಲ್ಲ. ಕುರ್ಚಿಯಲ್ಲಿದ್ದರೆ ಮುಂದೆ ಏನಾದರೂ ಮಾಡಬಹುದು ಎಂದೂ ಅನ್ನಿಸಿತು. ಆದರೆ ಮಂಗಳವಾರ ಆ ಗೋಡೆಯ ಪಕ್ಕ ಕೂರಿ ಎಂದು ದ್ಯಾಮವ್ವನಿಗೆ ಹೇಳಬೇಕಾದವಳು ನಾನೇ. ಅವರು ಬರೆದದ್ದರ ಮೇಲೆ ಅಡ್ಡ ಗೆರೆ ಎಳೆದು ಕೆಳಗೆ ಬರೆದೆ: 'ನಾನು ಹೆದರಲಿಲ್ಲ. ಕಂಡೆ, ತಡೆದೆ. ಉಳಿದ ಎರಡು ಕೋಣೆ ಬಿಚ್ಚದೆ ಜನರನ್ನು ಕೂರಿಸಿದರೆ ಅದು ಕೊಲೆ.' ಸಹಿ ಮಾಡಿದೆ, ದಿನಾಂಕವನ್ನೂ ಹಾಕಿದೆ.

"ವೈನಿ, ನೀವು ಹಠಮಾರಿ," ಎಂದ ಚನ್ನವೀರಪ್ಪ.

"ಹೌದಪಾ. ಇಪ್ಪತ್ತೆರಡು ವರ್ಷ ಈ ಹಠದ ಮ್ಯಾಲನ ನಿಮ್ಮ ಕಟ್ಟಡ ನಿಂತೈತಿ," ಎಂದು ಎದ್ದು ಬಂದೆ. ಬರುವಾಗ ದ್ಯಾಮವ್ವನಿಗೆ ಎಲ್ಲ ಹೇಳಿದೆ, ಯಾವ ಕೋಣೆ ಬಿಚ್ಚಿದೆ, ಯಾವುದು ಬಿಚ್ಚಿಲ್ಲ ಎಂಬುದನ್ನೂ. ಅವಳು ಬೆರಳು ಮಡಚಿ ಕೋಣೆಗಳನ್ನು ಎಣಿಸಿಕೊಂಡಳು. ಮನೆಗೆ ಬಂದು ಅತ್ತುಬಿಟ್ಟೆ. ಮರೆಮಾಚುವುದು ಏನಿದೆ? ಸಿಟ್ಟಿಗೂ ಅಳು ಬರುತ್ತದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ದ್ಯಾಮವ್ವ.

"ಅಕ್ಕಾರ, ನಾವು ಎಲ್ಲಾರೂ ಗೇಟಿನ ಹೊರಗ ನಿಂತೇವ್ರಿ. ಒಳಗ ಮಶೀನ್ ಶುರು ಮಾಡ್ಯಾರ."

"ಯಾರಿಗರೆ ಏನರೆ ಆತೇನು? ಕೆಮ್ಮು?"

"ಏ, ಇಲ್ರಿ. ಆದ ಮ್ಯಾಲ ನಿಂತು ಏನ್ ಮಾಡೂದೈತ್ರಿ?"

"ನಾನು ಈಗ ಅಲ್ಲಿ ಯಾರೂ ಅಲ್ಲ ದ್ಯಾಮವ್ವ. ನನ್ನ ಕೇಳಿದ್ರ ಏನ್ ಹೇಳ್ಲಿ?"

"ಕೇಳಾಕ ಅಲ್ರಿ ಅಕ್ಕಾರ, ಹೇಳಾಕ ಫೋನ್ ಮಾಡೇನಿ. ನಾವು ಒಳಗ ಹೋಗಂಗಿಲ್ಲ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಗೇಟಿನ ಮುಂದೆ ಹೆಂಗಸರು ರಸ್ತೆಯುದ್ದಕ್ಕೂ ನಿಂತಿದ್ದರು. ಕೆಲವರು ತಂದಿದ್ದ ಬುತ್ತಿ ಬಿಚ್ಚಿ ಕೂತಿದ್ದರು. ನಾನು ಸಾಲಿನ ಕೊನೆಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಚನ್ನವೀರಪ್ಪ ಗೇಟಿಗೆ ಬಂದ. ಹೊಸ ಮುಖ್ಯಸ್ಥ ಅವನೇ. ನನ್ನನ್ನು ನೋಡಿ ಅವನ ಮುಖ ಕೆಂಪಾಯಿತು.

"ವೈನಿ, ಇವರಿಗೆ ಹೇಳ್ರಿ. ಪಟ್ಟಿಯೊಳಗ ಒಂದೂ ಸಾಲಿಲ್ಲ ಇವತ್ತು."

"ನನ್ನ ಯಾಕ ಕೇಳತೀ? ಮುಂದ ನಿಂತಾಕಿ ಆಕಿ. ಆಕೀನ ಕೇಳು."

ದ್ಯಾಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಂದನೇ ಕೋಣಿ, ಎರಡನೇ ಕೋಣಿ, ಎರಡರದೂ ಪೈಪ್ ಬಿಚ್ಚಿ ನಮ್ಮ ಕಣ್ಣಿಗೆ ತೋರಸ್ರಿ. ಚಲೋ ಇದ್ರ ಆ ಹೊತ್ತಿಗೆ ಒಳಗ ಬಂದು ಕೂಡತೀವಿ. ನಿಮ್ಮ ನಾಳೆಪ್ಪಗ ಪುಪ್ಪುಸ ಇಲ್ರಿ, ನಮಗೈತಿ."

"ಎಲ್ಲಾರನೂ ಕೆಲಸದಿಂದ ತಗೀತೀನಿ!"

"ತಗೀರಿ. ಕಾಯಿ ನೀವ ಕೂತು ಬಿಡಸ್ರಿ."

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವನು ಮತ್ತೇನೋ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಕಂಪ್ರೆಸರ್ ಸದ್ದು ಇಳಿಯುತ್ತ ಬಂದು ಪೂರ್ತಿ ನಿಂತಿತು. ಕಂಟ್ರೋಲ್ ರೂಮಿನ ಬಾಗಿಲು ತೆಗೆದು ಶ್ರೀಶೈಲ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಈ ಸಲ ಕೆಂಪು ಗುಂಡಿ ಒತ್ತಿದವನು ಅವನೇ.

"ಯಾರಂವ ಬಂದ್ ಮಾಡಿದಂವ?" ಎಂದು ಕೂಗುತ್ತ ಚನ್ನವೀರಪ್ಪ ಒಳಗೆ ಓಡಿದ. ಹೊರಗೆ ನಿಂತಿದ್ದ ನಮ್ಮಲ್ಲಿ ಯಾರೂ ಓಡಬೇಕಾಗಿರಲಿಲ್ಲ.